ಲ್ಯಾಪ್‌ಟಾಪ್ ಎದ್ದರೂ ಮಾನಿಟರ್ ಏಳದಿದ್ದರೆ ಅದು ಸುಟ್ಟುಹೋಗಿದೆ ಎಂದರ್ಥವೇ?

ಕೊಳ್ಳೇಗಾಲ–ಹನೂರು ರಸ್ತೆಯ ಕಾಮಗೆರೆಯಂತಹ ಊರುಗಳಲ್ಲೂ ಈಗ ಲ್ಯಾಪ್‌ಟಾಪ್‌ಗೆ ದೊಡ್ಡ ಮಾನಿಟರ್ ಜೋಡಿಸಿಕೊಂಡು ಕೆಲಸ ಮಾಡುವವರಿದ್ದಾರೆ. ಊಟ ಮುಗಿಸಿ ಬಂದು ಕೀಲಿ ಒತ್ತಿದರೆ ಲ್ಯಾಪ್‌ಟಾಪ್ ಏಳುತ್ತದೆ, ಮಾನಿಟರ್ ಮಾತ್ರ ಕಪ್ಪಾಗಿಯೇ ಇರುತ್ತದೆ. ನಡುವೆ ಕರೆಂಟ್ ಹೋಗಿ ಬಂದಿದ್ದರಂತೂ "ಸುಟ್ಟುಹೋಯಿತು" ಎಂದೇ ತೀರ್ಮಾನ. ರಿಪೇರಿಗೆ ಕೊಳ್ಳೇಗಾಲ, ಅಲ್ಲಾಗದಿದ್ದರೆ ಮೈಸೂರು. ಆದರೆ ಅಷ್ಟು ದೂರ ಹೊತ್ತುಕೊಂಡು ಹೋದ ಮಾನಿಟರ್ ಅಂಗಡಿಯಲ್ಲಿ ಜೋಡಿಸಿದ ತಕ್ಷಣ ಚೆನ್ನಾಗಿಯೇ ಕೆಲಸ ಮಾಡುವುದುಂಟು. ಯಾಕೆ ಹೀಗೆ?

ತಂತಿಯೊಳಗಿನ ಮಾತುಕತೆ

ಎಚ್‌ಡಿಎಂಐ ಕೇಬಲ್ ಬರೀ ಚಿತ್ರವನ್ನು ಸಾಗಿಸುವ ಕೊಳವೆಯಲ್ಲ. ಅದರ 19 ಪಿನ್‌ಗಳಲ್ಲಿ 18ನೆಯದರ ಮೂಲಕ ಲ್ಯಾಪ್‌ಟಾಪ್ 5 ವೋಲ್ಟ್ ಕಳುಹಿಸುತ್ತದೆ. ಮಾನಿಟರ್ 19ನೇ ಪಿನ್ನಿನ ಮೂಲಕ "ನಾನಿದ್ದೇನೆ" ಎಂದು ಉತ್ತರಿಸುತ್ತದೆ. ಆಮೇಲೆ ಲ್ಯಾಪ್‌ಟಾಪ್ ಮಾನಿಟರಿನಲ್ಲಿರುವ ಒಂದು ಪುಟ್ಟ ದಾಖಲೆಯನ್ನು ಓದಿಕೊಳ್ಳುತ್ತದೆ. ಇಡಿಐಡಿ ಎಂಬ ಈ ದಾಖಲೆಯ ಮೂಲ ಭಾಗ ಕೇವಲ 128 ಬೈಟ್. ತಯಾರಕರು ಯಾರು, ಪರದೆಯ ಅಳತೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಇಷ್ಟಾದ ಮೇಲಷ್ಟೇ ಚಿತ್ರ ಹೊರಡುತ್ತದೆ.

ಲ್ಯಾಪ್‌ಟಾಪ್ ನಿದ್ರೆಗೆ ಹೋದಾಗ ಚಿತ್ರ ನಿಲ್ಲುತ್ತದೆ. ಮಾನಿಟರ್ ಕೂಡ ದೀಪ ಆರಿಸಿ ಮಲಗುತ್ತದೆ. ಆದರೆ ಅದರೊಳಗಿನ ಒಂದು ಚಿಕ್ಕ ಚಿಪ್ ಎಚ್ಚರವಾಗಿದ್ದು, ಸಿಗ್ನಲ್ ಬರುವುದನ್ನೇ ಕಾಯುತ್ತಿರುತ್ತದೆ. ಆ ಚಿಪ್ ಸಿಕ್ಕಿಹಾಕಿಕೊಂಡರೆ ಅಥವಾ ಲ್ಯಾಪ್‌ಟಾಪ್ ಕೇಳಿದ ಹೊತ್ತಿಗೆ ಉತ್ತರ ಕೊಡದಿದ್ದರೆ, ಅಲ್ಲಿ ಮಾನಿಟರೇ ಇಲ್ಲವೆಂದು ಲ್ಯಾಪ್‌ಟಾಪ್ ತಿಳಿಯುತ್ತದೆ. ಎರಡೂ ಸರಿಯಾಗಿಯೇ ಇರುತ್ತವೆ, ಪರದೆ ಮಾತ್ರ ಕಪ್ಪು.

ಕರೆಂಟ್ ಹೋದಾಗ ಆಗುವುದೇನು?

ಲ್ಯಾಪ್‌ಟಾಪ್‌ಗೆ ಬ್ಯಾಟರಿಯಿದೆ, ಮಾನಿಟರ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಕರೆಂಟ್ ಹೋದರೆ ಒಂದು ನಡೆಯುತ್ತಲೇ ಇರುತ್ತದೆ, ಇನ್ನೊಂದು ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಕೆಲವು ಮಾನಿಟರ್‌ಗಳು ತಾವಾಗಿ ಆನ್ ಆಗುವುದಿಲ್ಲ. ಇನ್ನು ಕರೆಂಟ್ ಪೂರ್ತಿ ಹೋಗದೆ ಕ್ಷಣಕಾಲ ಕುಸಿದರೆ, ಆ ಚಿಪ್ ಪೂರ್ತಿ ಆರದೆ, ಪೂರ್ತಿ ಏಳದೆ ನಡುವೆಯೇ ನಿಂತುಬಿಡಬಹುದು.

ಇಂಥ ಹೊತ್ತಿನಲ್ಲಿ ಮಾನಿಟರಿನ ಗುಂಡಿ ಒತ್ತಿ ಆಫ್ ಮಾಡಿದರೆ ಸಾಲದು. ಗುಂಡಿ ಒತ್ತಿದರೂ ಒಳಗಿನ ಚಿಪ್‌ಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಗೋಡೆಯ ಪ್ಲಗ್ ಕಿತ್ತರೆ ಮಾತ್ರ ಅದು ಹೊಸದಾಗಿ ಶುರುವಾಗುತ್ತದೆ. ಅಂಗಡಿಗೆ ಒಯ್ದ ಮಾನಿಟರ್ ಸರಿಯಾದ ಗುಟ್ಟು ಇದೇ: ಒಯ್ಯಲು ಪ್ಲಗ್ ಕಿತ್ತದ್ದೇ ರಿಪೇರಿ!

ಮನೆಯಲ್ಲೇ ಪರೀಕ್ಷಿಸಿ

1. ಮಾನಿಟರಿನ ಸಣ್ಣ ದೀಪ ನೋಡಿ. ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಅದಕ್ಕೆ ವಿದ್ಯುತ್ ಸಿಗುತ್ತಿದೆ. ಏನೂ ಇಲ್ಲದಿದ್ದರೆ ಗುಂಡಿ ಒತ್ತಿ ನೋಡಿ, ಪ್ಲಗ್ ಮತ್ತು ಅಡಾಪ್ಟರ್ ಪರೀಕ್ಷಿಸಿ.

2. ಮಾನಿಟರ್ ಆನ್ ಇರುವಾಗಲೇ ಚಿತ್ರದ ಕೇಬಲ್ ಕಿತ್ತುನೋಡಿ. ಪರದೆಯ ಮೇಲೆ ಕಂಪನಿಯ ಹೆಸರೋ "ನೋ ಸಿಗ್ನಲ್" ಎಂಬ ಬರಹವೋ ಕೆಲವು ಕ್ಷಣ ಮೂಡಿದರೂ ಸಾಕು, ಪರದೆ ಸುಟ್ಟಿಲ್ಲ.

3. ಗೋಡೆಯ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ಮತ್ತೆ ಹಾಕಿ ಮೊದಲು ಮಾನಿಟರ್ ಆನ್ ಮಾಡಿ, ಕೇಬಲ್ ಜೋಡಿಸಿ, ಆಮೇಲೆ ಲ್ಯಾಪ್‌ಟಾಪ್ ಎಬ್ಬಿಸಿ.

4. ವಿಂಡೋಸ್‌ನಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಮರುಚಾಲನೆಯಾಗುತ್ತದೆ. ತೆರೆದಿಟ್ಟ ಕೆಲಸ ಹಾಳಾಗುವುದಿಲ್ಲ. ವಿಂಡೋಸ್ ಮತ್ತು ಪಿ ಒತ್ತಿ, ಚಿತ್ರ ಯಾವ ಪರದೆಗೆ ಹೋಗಬೇಕೆಂದು ಆರಿಸಬಹುದು.

ಪದೇ ಪದೇ ಆಗುತ್ತಿದ್ದರೆ

ಮಾನಿಟರಿನ ಮೆನುವಿನಲ್ಲಿ "ಡೀಪ್ ಸ್ಲೀಪ್" ಇದ್ದರೆ ನಿಲ್ಲಿಸಿ. ಇನ್‌ಪುಟ್ "ಆಟೋ" ಎಂದಿದ್ದರೆ, ನೀವು ಬಳಸುವ ಪೋರ್ಟನ್ನೇ ಆರಿಸಿಡಿ. ನಡುವೆ ಡಾಕ್ ಅಥವಾ ಹಬ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಿ. ಯುಎಸ್‌ಬಿ-ಸಿ ಬಳಸುವವರು ಗಮನಿಸಬೇಕಾದದ್ದು: ಆ ಆಕಾರದ ಎಲ್ಲ ಕೇಬಲ್‌ಗಳೂ ಚಿತ್ರ ಸಾಗಿಸುವುದಿಲ್ಲ, ಕೆಲವು ಚಾರ್ಜಿಂಗ್‌ಗೆಂದೇ ಇರುತ್ತವೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಗ್ರಾಫಿಕ್ಸ್ ಡ್ರೈವರ್ ನವೀಕರಿಸಿ.

ಚಿನ್ನದ ಲೇಪನದ ದುಬಾರಿ ಕೇಬಲ್ ಕೊಂಡರೆ ಸರಿಹೋಗುತ್ತದೆ ಎಂಬ ಮಾತೂ ಇದೆ. ಲೇಪನದಿಂದ ಪಿನ್ನುಗಳು ತುಕ್ಕು ಹಿಡಿಯುವುದು ತಪ್ಪುತ್ತದೆ ಅಷ್ಟೇ, ಸಿಕ್ಕಿಕೊಂಡ ಚಿಪ್ ಅದರಿಂದ ಏಳುವುದಿಲ್ಲ. ಹಳೆಯ ಕೇಬಲ್ ಸಡಿಲವಾಗಿದ್ದರೆ ಸಾಧಾರಣ ಬೆಲೆಯ ಒಳ್ಳೆಯ ಕೇಬಲ್ಲೇ ಸಾಕು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಮಾನಿಟರ್ ಪ್ಲಗ್ ಅದರ ಲೈನಿನಲ್ಲೇ ಇರಲಿ. ಅನೇಕ ಇನ್ವರ್ಟರ್‌ಗಳ ಹಿಂಬದಿಯಲ್ಲಿ "ಯುಪಿಎಸ್" ಮತ್ತು "ನಾರ್ಮಲ್" ಎಂಬ ಸ್ವಿಚ್ ಇರುತ್ತದೆ. ಯುಪಿಎಸ್ ಸ್ಥಿತಿಯಲ್ಲಿ ಅದು ಬ್ಯಾಟರಿಗೆ ಬೇಗ ಬದಲಾಗುವುದರಿಂದ ಮಾನಿಟರ್‌ಗೆ ಕರೆಂಟ್ ಹೋದದ್ದೇ ತಿಳಿಯದಿರಬಹುದು.

ನಿಜವಾಗಿ ಕೆಟ್ಟಿದ್ದರೆ?

ಕೇಬಲ್ ಕಿತ್ತರೂ, ಪ್ಲಗ್ ಕಿತ್ತು ಹಾಕಿದರೂ ಒಂದಕ್ಷರವೂ ಮೂಡದಿದ್ದರೆ ಕತ್ತಲ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಮಸುಕಾದ ಚಿತ್ರ ಕಂಡರೆ ಹಿಂಬದಿಯ ಬೆಳಕಿನ ಭಾಗ ಹೋಗಿದೆ. ಸುಟ್ಟ ವಾಸನೆ ಬಂದರೆ ಮತ್ತೆ ಪ್ಲಗ್ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು, ಹಾಗಾಗಿ ನೀವೇ ಬಿಚ್ಚಬೇಡಿ.

ಸಿಡಿಲಿನಿಂದ ಮಾನಿಟರ್ ನಿಜಕ್ಕೂ ಸುಡಬಹುದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡುವುದು ಕ್ಷೇಮ. ಉಳಿದ ದಿನಗಳಲ್ಲಿ ಪರದೆ ಕಪ್ಪಾದರೆ, ಹೊಸ ಮಾನಿಟರಿಗೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಪ್ಲಗ್ ಕಿತ್ತು ಒಂದು ನಿಮಿಷ ಕಾಯಿರಿ.