ಡಲ್ಲಾಸಿನಿಂದ ಸುರಪುರಕ್ಕೆ ಎಷ್ಟು ದೂರ?

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಅನೇಕ ಸದ್ಭಕ್ತರ ಮನೆಗಳಲ್ಲಿ ಈಗ ಮಗನೋ ಮಗಳೋ ಅಮೆರಿಕೆಯಲ್ಲಿದ್ದಾರೆ. ಹಿರಿಯರು ಲಿಂಗೈಕ್ಯರಾದ ದಿನ ಅಂಥ ಮನೆಯಂಗಳದಲ್ಲಿ ಏಳುವ ಪ್ರಶ್ನೆ ಒಂದೇ: "ಮಗ ಬರೋತನಕ ಕಾಯೋದೇನು?" ಉತ್ತರ ಹೇಳುವವರ ಬಳಿ ಲೆಕ್ಕವಿರುವುದಿಲ್ಲ. ಆದುದರಿಂದ ಆ ಲೆಕ್ಕವನ್ನೇ ಇಲ್ಲಿ ಮಾಡಿ ನೋಡುತ್ತೇವೆ.

ಮಕ್ಕಳ ಶಾಲೆಯ ಭೂಗೋಳವನ್ನು ಮುಂದಿಟ್ಟುಕೊಂಡು ಡಲ್ಲಾಸಿನಿಂದ ಬೆಂಗಳೂರಿಗೆ ದಾರವೊಂದನ್ನು ಬಿಗಿಯಾಗಿ ಎಳೆಯಿರಿ. ಅದು ಅಟ್ಲಾಂಟಿಕ್ ಸಾಗರದ ಮೇಲೆ ಪೂರ್ವಾಭಿಮುಖವಾಗಿ ಸಾಗುವುದಿಲ್ಲ. ನೇರ ಉತ್ತರಕ್ಕೆ ಏರಿ, ಧ್ರುವದ ಸಮೀಪದಲ್ಲಿ ಹಾದು, ರಷ್ಯ, ಮಧ್ಯ ಏಷ್ಯಗಳ ಮೇಲಿಂದ ಇಳಿದು, ನಮ್ಮ ಯಾದಗಿರಿಯ ಪಕ್ಕದಲ್ಲಿಯೇ ಬೆಂಗಳೂರಿನತ್ತ ಹೋಗುತ್ತದೆ! ಯಾದಗಿರಿ 77 ಡಿಗ್ರಿ ಪೂರ್ವ ರೇಖಾಂಶದಲ್ಲಿಯೂ ಡಲ್ಲಾಸ್ 97 ಡಿಗ್ರಿ ಪಶ್ಚಿಮದಲ್ಲಿಯೂ ಇದ್ದು, ಒಂದಕ್ಕೊಂದು ಹೆಚ್ಚುಕಡಿಮೆ ಬೆನ್ನಿಗೆ ಬೆನ್ನಾಗಿರುವುದೇ ಇದಕ್ಕೆ ಕಾರಣ. ಈ ನೇರ ಗೆರೆಯಲ್ಲಿ ಯಾದಗಿರಿಗೆ ಸುಮಾರು 14,450 ಕಿ.ಮೀ.; ಗಂಟೆಗೆ 900 ಕಿ.ಮೀ. ವೇಗವಾದರೆ ಹದಿನಾರು ತಾಸು. ಇದು ಬರಿಯ ಕಲ್ಪನೆಯ ದಾರಿಯಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಚಾಲಕರಾಗಿ ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಮಾರ್ಗವಾಗಿ ಬೆಂಗಳೂರಿಗೆ ತಂದರು. ಅಕ್ಕನ ಹೆಸರು ಹೇಳುವ ನಮಗೆ ಅದು ಹೆಮ್ಮೆಯ ಸಂಗತಿಯೇ.

ಆದರೆ ದುಃಖದ ದಿನ ನಮ್ಮ ಮಗನಿಗೆ ಸಿಗುವುದು ದೋಹಾ, ದುಬೈಗಳಲ್ಲಿ ಇಳಿದು ಹತ್ತುವ ದಾರಿ. ಮೊದಲ ಹಾರಾಟ ಹದಿನೈದು ತಾಸು, ಕಾಯುವುದು ಮೂರು ತಾಸು, ಮುಂದಿನ ಹಾರಾಟ ನಾಲ್ಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಟಿಕೀಟನ್ನು ಬೆಂಗಳೂರಿಗೆ ಕೊಳ್ಳದೆ ಹೈದರಾಬಾದಿಗೆ ಕೊಳ್ಳುವುದು ಲೇಸು. ಶಂಷಾಬಾದಿನ ವಿಮಾನ ನಿಲ್ದಾಣದಿಂದ ಯಾದಗಿರಿಗೆ ರಸ್ತೆಯಲ್ಲಿ 200 ಕಿ.ಮೀ. ಆಸುಪಾಸು, ಬೆಂಗಳೂರಿನಿಂದಾದರೆ ಅದರ ಎರಡು ಪಟ್ಟಿಗೂ ಮಿಗಿಲು, ಇಡೀ ರಾತ್ರಿಯ ರೈಲು. ರೈಲು ಯಾದಗಿರಿಯಲ್ಲಿಯೇ ಬಿಡುತ್ತದೆ, ಶಹಾಪುರ ಸುರಪುರಗಳಿಗೆ ಮತ್ತೆ ವಾಹನ ಹಿಡಿಯಬೇಕು.

ಸುರಪುರದಲ್ಲಿ ಮಂಗಳವಾರ ನಸುಕಿನ ಆರಕ್ಕೆ ಹಿರಿಯರು ಲಿಂಗೈಕ್ಯರಾದರೆನ್ನಿ. ಚಳಿಗಾಲವಾದರೆ ಡಲ್ಲಾಸಿನಲ್ಲಿ ಆಗ ಸೋಮವಾರ ಸಂಜೆ ಆರೂವರೆ. ಅದೇ ರಾತ್ರಿ ವಿಮಾನ ಸಿಕ್ಕರೂ ಮಗ ಅಂಗಳ ತುಳಿಯುವುದು ಬುಧವಾರ ಮಧ್ಯಾಹ್ನದ ಮೇಲೆ. ಮರುದಿನದ ವಿಮಾನವಾದರೆ ಗುರುವಾರ. ಅಲ್ಲಿಯ ಪೌರತ್ವ ಪಡೆದವರ ಬಳಿ ಓಸಿಐ ಕಾರ್ಡಾಗಲಿ ವೀಸಾ ಆಗಲಿ ಸಿದ್ಧವಿಲ್ಲದಿದ್ದರೆ ಲೆಕ್ಕವೇ ತಪ್ಪುತ್ತದೆ.

ಅದೇ ದಿನ ಇಲ್ಲವೆ ಮರುದಿನ ಕ್ರಿಯಾಸಮಾಧಿ ಮಾಡುವುದು ನಮ್ಮ ಮನೆಗಳ ರೂಢಿ. ಶೀತಪೆಟ್ಟಿಗೆಯಲ್ಲಿ ಎರಡು ದಿನ ಇಡುವುದು ಅಸಾಧ್ಯವೇನಲ್ಲ. ಆದರೆ ವೃದ್ಧ ತಾಯಿ ಅಷ್ಟು ಹೊತ್ತೂ ಉಪವಾಸ ಕುಳಿತಿರುತ್ತಾಳೆಂಬುದನ್ನೂ ಎಣಿಸಬೇಕು. ಕಾಯದೆ ಸಮಾಧಿ ಮಾಡಿದರೆ ಮಗನಿಗೆ ಅನ್ಯಾಯವಾಯಿತೆಂದು ನಾವು ಭಾವಿಸುವುದಿಲ್ಲ. ಶಿವಗಣಾರಾಧನೆಯ ಹೊತ್ತಿಗೆ ಅವನು ಬರಬಹುದು, ಗದ್ದುಗೆಗೆ ಪತ್ರಿ ಏರಿಸಬಹುದು. ಬರಲಾಗದ ಮಗನನ್ನು ಸಂಬಂಧಿಕರು ಓಣಿಯಲ್ಲಿ ನಿಂತು ದೂರುವುದು ಮಾತ್ರ ಸಲ್ಲದು. ಕಾಯಬೇಕೋ ಬೇಡವೋ ಎಂಬುದನ್ನು ಹಿರಿಯರು ತಾವು ಗಟ್ಟಿಯಾಗಿರುವಾಗಲೇ, ಮಕ್ಕಳು ಜಾತ್ರೆಗೆ ಬಂದ ಒಂದು ಸಂಜೆ, ಎಲ್ಲರ ಎದುರು ಹೇಳಿಬಿಡಲಿ.