ಮಗನ ಕೈಗೆ ಮೊದಲ ರೇಜರ್ ಕೊಡುವಾಗ

ಹದಿನಾಲ್ಕು ಹದಿನೈದರ ಮಗ ಮನೆಯಲ್ಲಿದ್ದರೆ ಈ ಮಾತು ನಿಮಗಾಗಿ. ಅವನ ಮೇಲ್ದುಟಿಯ ಮೇಲೆ ಕಪ್ಪು ಗೆರೆ ಮೂಡಿದೆ. ಕೆನ್ನೆಯಲ್ಲಿ ಅಲ್ಲೊಂದು ಇಲ್ಲೊಂದು ಕೂದಲು ಇಣುಕುತ್ತಿದೆ. ಶಾಲೆಯಲ್ಲಿ ಗೆಳೆಯರು ಗೇಲಿ ಮಾಡುತ್ತಾರೆ. ಅವನು ನಾಚಿಕೆಯಿಂದ ಯಾರಲ್ಲೂ ಕೇಳುವುದಿಲ್ಲ. ಒಂದು ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕಿಟಕಿಯಲ್ಲಿದ್ದ ಯಾರದೋ ಹಳೆಯ ರೇಜರನ್ನು ಒಣ ಮುಖದ ಮೇಲೆ ಎಳೆದುಬಿಡುತ್ತಾನೆ.

ಇದು ತಂದೆ ಕಲಿಸಬೇಕಾದ ವಿಷಯವೆಂದು ನಾವು ಸುಮ್ಮನಿರುತ್ತೇವೆ. ಆದರೆ ತಂದೆ ಗಲ್ಫ್‌ನಲ್ಲಿದ್ದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವರಾದರೆ? ಮಗನ ಗಡ್ಡ ಅವರ ರಜೆಗಾಗಿ ಕಾಯುವುದಿಲ್ಲ. ತಾಯಿಯೇ ಹೇಳಿಕೊಟ್ಟರೆ ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ಮೊದಲು ಹೇಳಬೇಕಾದ ಮಾತು, ರೇಜರ್ ಒಬ್ಬರಿಗೊಂದು ಇರಬೇಕು. ಕ್ಷೌರ ಮಾಡುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳಾಗುತ್ತವೆ. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಆ ಕಾಯಿಲೆ ಇರುವ ಎಷ್ಟೋ ಜನರಿಗೆ ತಮಗಿದೆಯೆಂಬುದೇ ಗೊತ್ತಿರುವುದಿಲ್ಲ. ಅಣ್ಣ, ತಮ್ಮ, ಮಾವ ಎಲ್ಲರಿಗೂ ಒಂದೇ ರೇಜರ್ ಎಂಬುದು ಉಳಿತಾಯವಲ್ಲ, ಅಪಾಯ. ಸೆಲೂನಿಗೆ ಹೋದರೂ ಹೊಸ ಬ್ಲೇಡ್ ಹಾಕಲು ಹೇಳುವಂತೆ ಮಗನಿಗೆ ಕಲಿಸಿ. ಎಲ್ಲರ ಮುಖಕ್ಕೂ ಉಜ್ಜುವ ಅದೇ ಪಟಿಕದ ಕಲ್ಲು ಬೇಡವೆನ್ನಲಿ.

‘ಈಗಲೇ ಬ್ಲೇಡ್ ತಾಗಿಸಿದರೆ ಕೂದಲು ದಪ್ಪವಾಗುತ್ತದೆ’ ಎಂದು ಅಜ್ಜಿಯರು ತಡೆಯುವುದುಂಟು. 1928ರಲ್ಲೇ ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ ಇದನ್ನು ಅಳೆದು ನೋಡಿದ್ದರು. ಕ್ಷೌರದಿಂದ ಕೂದಲಿನ ದಪ್ಪವಾಗಲಿ ಬೆಳೆಯುವ ವೇಗವಾಗಲಿ ಹೆಚ್ಚುವುದಿಲ್ಲ. ಕೂದಲ ತುದಿ ಸಹಜವಾಗಿ ಚೂಪಾಗಿರುತ್ತದೆ. ಕತ್ತರಿಸಿದಾಗ ಮೊಂಡಾಗಿ, ಕೈಗೆ ಒರಟಾಗಿ ತಾಗುತ್ತದೆ, ಅಷ್ಟೆ. ಮುಂದೆ ಗಡ್ಡ ಬಿಡಬೇಕೆಂದಿರುವ ಮಗನಿಗೂ ಕೆನ್ನೆಯ ಮೇಲ್ಭಾಗ, ಕತ್ತು ಒಪ್ಪ ಮಾಡಿಕೊಳ್ಳಲು ಈ ಕೆಲಸ ಗೊತ್ತಿರಬೇಕು.

ಯಾವ ರೇಜರ್ ಕೊಡಬೇಕು? ಹಿಂದೆ ಎಲ್ಲ ಮನೆಗಳಲ್ಲೂ ಇದ್ದ, ಎರಡು ಅಲಗಿನ ಬ್ಲೇಡ್ ಹಾಕಿ ಹಿಡಿ ತಿರುಗಿಸಿ ಬಿಗಿಮಾಡುವ ಸೇಫ್ಟಿ ರೇಜರ್ ಸಾಕು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ವ್ಯಾಪಾರಿ ಇಂಥ ರೇಜರನ್ನು ಮಾರಾಟಕ್ಕೆ ತಂದದ್ದು 1903ರಲ್ಲಿ. ಆ ವರ್ಷ ಮಾರಾಟವಾದದ್ದು ಕೇವಲ 51 ರೇಜರ್. ಮರುವರ್ಷ ಅದು 90 ಸಾವಿರ ದಾಟಿತು. ಇದರ ಬ್ಲೇಡು ಅಗ್ಗ, ಆದ್ದರಿಂದ ಹಳತಾದ ಕೂಡಲೇ ಬದಲಾಯಿಸಲು ಮನಸ್ಸು ಹಿಂಜರಿಯುವುದಿಲ್ಲ. ಹಲವು ಬ್ಲೇಡುಗಳ ರೇಜರ್ ಕೂದಲನ್ನು ಎಳೆದು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತದೆ. ಗುಂಗುರು ಕೂದಲಿನವರಲ್ಲಿ ಅದು ಒಳಗೇ ಬೆಳೆದು ಗುಳ್ಳೆಗಳಾಗುವುದುಂಟು.

ಬ್ರಷ್ ಕೊಳ್ಳುವಾಗ ನಮ್ಮ ಮನೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ಶೇವಿಂಗ್ ಬ್ರಷ್‌ಗಳಲ್ಲಿ ಹಂದಿಯ ಕೂದಲು ಬಳಸುವುದು ಸಾಮಾನ್ಯ. ಪೊಟ್ಟಣದ ಮೇಲೆ ‘ಬ್ರಿಸಲ್’ ಅಥವಾ ‘ಬೋರ್’ ಎಂದಿದ್ದರೆ ಅಂಗಡಿಯವರಲ್ಲಿ ವಿಚಾರಿಸಿ. ಸಿಂಥೆಟಿಕ್ ಅಥವಾ ನೈಲಾನ್ ಎಂದು ಸ್ಪಷ್ಟವಾಗಿ ಬರೆದಿರುವ ಬ್ರಷ್ ಕೊಳ್ಳಿರಿ. ಅದು ಬೇಗ ಒಣಗುತ್ತದೆ ಕೂಡ.

ಇನ್ನು ಕ್ಷೌರದ ಕ್ರಮ. ಸ್ನಾನವಾದ ಮೇಲೆ ಮಾಡುವುದು ಉತ್ತಮ. ಇಲ್ಲವಾದರೆ ಬೆಚ್ಚನೆಯ ನೀರಿನಿಂದ ಎರಡು ಮೂರು ನಿಮಿಷ ಮುಖ ನೆನೆಸಲಿ. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಬಾದಾಮಿಯಷ್ಟು ಕ್ರೀಮು ಸಾಕು. ಒದ್ದೆ ಬ್ರಷ್‌ನಿಂದ ಸುತ್ತು ಸುತ್ತಾಗಿ ತಿಕ್ಕಿ ನೊರೆ ಬರಿಸಬೇಕು. ನೊರೆ ಮೊಸರಿನಂತೆ ದಟ್ಟವಾಗಿರಲಿ. ದೊಡ್ಡ ಗುಳ್ಳೆಗಳಿದ್ದರೆ ಇನ್ನಷ್ಟು ತಿಕ್ಕಬೇಕು.

ಬ್ಲೇಡನ್ನು ಅಲಗಿನ ಕಡೆ ಮುಟ್ಟದೆ, ಎರಡು ಕಿರುತುದಿಗಳಲ್ಲಿ ಹಿಡಿದು ಹಾಕಬೇಕು. ರೇಜರಿನ ತಲೆಯನ್ನು ಕೆನ್ನೆಗೆ ತಾಗಿಸಿ ಹಿಡಿಯನ್ನು ಮೆಲ್ಲನೆ ಕೆಳಗಿಳಿಸಿದರೆ ಒಂದು ಕಡೆ ಅಲಗು ಚರ್ಮಕ್ಕೆ ತಾಕುತ್ತದೆ. ಚರ್ಮಕ್ಕೂ ಬ್ಲೇಡಿಗೂ ಸುಮಾರು 30 ಡಿಗ್ರಿ ಓರೆ ಇದ್ದರೆ ಸರಿ. ಇಲ್ಲಿ ಹುಡುಗರು ಮಾಡುವ ತಪ್ಪು ಒಂದೇ, ಒತ್ತುವುದು. ಒತ್ತಬಾರದು. ರೇಜರಿನ ಭಾರವೇ ಕೆಲಸ ಮಾಡುತ್ತದೆ, ಕೈ ದಾರಿ ತೋರಿಸಿದರೆ ಸಾಕು. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಒಂದಂಗುಲದಷ್ಟೇ ಎಳೆದು, ಆಗಾಗ ನೀರಿನಲ್ಲಿ ಅದ್ದಬೇಕು.

ಕೂದಲು ಬೆಳೆದಿರುವ ದಿಕ್ಕಿನಲ್ಲೇ ಎಳೆಯಬೇಕು. ಕತ್ತಿನಲ್ಲಿ ಈ ದಿಕ್ಕು ಬೇರೆಯಾಗಿರಬಹುದು, ಬೆರಳಿನಿಂದ ಸವರಿ ನೋಡಿದರೆ ತಿಳಿಯುತ್ತದೆ. ಇನ್ನೂ ನುಣುಪು ಬೇಕೆನಿಸಿದರೆ ಮತ್ತೆ ನೊರೆ ಹಚ್ಚಿ ಅಡ್ಡಕ್ಕೆ ಎಳೆಯಲಿ. ನೊರೆಯಿಲ್ಲದ ಜಾಗಕ್ಕೆ ರೇಜರ್ ತಾಗಬಾರದು. ಮೊಡವೆಯ ಮೇಲೆ ಹಾಯಿಸದೆ ಬದಿಯಿಂದ ಹೋಗಲಿ. ಮುಖ ತುಂಬ ಮೊಡವೆಯಿದ್ದರೆ ಸದ್ಯಕ್ಕೆ ಟ್ರಿಮ್ಮರ್ ಒಳ್ಳೆಯದು.

ಕೊನೆಗೆ ತಣ್ಣೀರಿನಿಂದ ತೊಳೆದು, ಒದ್ದೆ ಪಟಿಕವನ್ನು ಹಗುರವಾಗಿ ಸವರಿ, ಒಂದು ನಿಮಿಷದ ನಂತರ ಮತ್ತೆ ತೊಳೆಯಲಿ. ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ಉರಿಸುವ, ಆಲ್ಕೋಹಾಲ್ ಬೆರೆತ ಲೋಶನ್ನಿನ ಅಗತ್ಯವಿಲ್ಲ. ಅದು ಚರ್ಮವನ್ನು ಒಣಗಿಸುತ್ತದೆ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿಕೊಳ್ಳಲಿ. ರೇಜರನ್ನು ತೊಳೆದು, ನೀರು ಝಾಡಿಸಿ, ಒಣಗುವ ಕಡೆ ಇಡಲಿ. ಐದಾರು ಕ್ಷೌರಕ್ಕೊಂದು ಬ್ಲೇಡ್ ಬದಲಾಗಲಿ. ಎಳೆದಂತೆ ಅನಿಸಿದರೆ ಅದಕ್ಕೂ ಮುಂಚೆ.

ಬಳಸಿದ ಬ್ಲೇಡನ್ನು ಕಸದ ಬುಟ್ಟಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿದೆ. ಬೆಳಿಗ್ಗೆ ಆ ಕಸವನ್ನು ಬರಿಗೈಯಲ್ಲಿ ವಿಂಗಡಿಸುವವರೂ ಯಾರದೋ ಮಕ್ಕಳು, ಯಾರದೋ ತಾಯಂದಿರು. ಖಾಲಿ ಪೌಡರ್ ಡಬ್ಬಿಗೆ ಸೀಳು ಮಾಡಿ ಬ್ಲೇಡುಗಳನ್ನು ಅದರಲ್ಲಿ ಹಾಕುತ್ತಾ ಬನ್ನಿ. ತುಂಬಿದಾಗ ಗಟ್ಟಿಯಾಗಿ ಮುಚ್ಚಿ, ಒಳಗೇನಿದೆಯೆಂದು ಹೇಳಿಯೇ ಕಸದವರಿಗೆ ಕೊಡಿ.

ಮೀಸೆ ಕತ್ತರಿಸುವುದು, ಉಗುರು ತೆಗೆಯುವುದು, ಕಂಕುಳ ಕೂದಲು ತೆಗೆಯುವುದು ಇವೆಲ್ಲವನ್ನೂ ಪ್ರವಾದಿ(ಸ)ರು ಮನುಷ್ಯನ ಸಹಜ ಶುಚಿತ್ವದಲ್ಲಿ ಎಣಿಸಿದ್ದಾರೆ. ಪ್ರಾಯಕ್ಕೆ ಬಂದ ಮಗನಿಗೆ ಇದನ್ನು ತಿಳಿಸುವ ಸಮಯವೂ ಇದೇ. ದೇಹದಲ್ಲಾಗುವ ಬದಲಾವಣೆಯನ್ನು ಮನೆಯಲ್ಲಿ ನಗದೆ, ಗದರದೆ ಮಾತನಾಡಬಹುದೆಂದು ಅವನಿಗೆ ಒಮ್ಮೆ ಮನವರಿಕೆಯಾದರೆ, ನಾಳೆ ಇದಕ್ಕಿಂತ ದೊಡ್ಡ ಪ್ರಶ್ನೆಯನ್ನೂ ಅವನು ನಿಮ್ಮ ಬಳಿಗೇ ತಂದಾನು.