ಒಂದೇ ಬೀದಿಗೆ ಐದು ವ್ಯಾನು ಏಕೆ?

ಮಕ್ಕಳೇ, ಈ ವಾರ ಒಂದು ಸಣ್ಣ ಲೆಕ್ಕ. ಅಜ್ಜ ಅಜ್ಜಿಯರೂ ಜೊತೆಗೆ ಕೂತುಕೊಳ್ಳಿ.

ಐದು ಅಂಗಡಿಗಳ ಐದು ವ್ಯಾನುಗಳು ಒಂದೇ ಬಡಾವಣೆಗೆ ಹೊರಟಿವೆ. ಒಂದರಲ್ಲೂ ಅರ್ಧದಷ್ಟು ಕೂಡ ಸಾಮಾನಿಲ್ಲ. ಹೋಗಿಬರಲು ಒಂದೊಂದಕ್ಕೆ 2 ಲೀಟರ್ ಡೀಸೆಲ್ ಎಂದಿಟ್ಟುಕೊಳ್ಳಿ. ಒಟ್ಟು 10 ಲೀಟರ್. ಎಲ್ಲ ಸಾಮಾನನ್ನೂ ಒಂದೇ ವ್ಯಾನಿಗೆ ತುಂಬಿದರೆ? ಭಾರ ಹೆಚ್ಚು, ನಿಲ್ಲಬೇಕಾದ ಮನೆಗಳೂ ಹೆಚ್ಚು. 4 ಲೀಟರ್ ಎನ್ನೋಣ. ಉಳಿತಾಯ 6 ಲೀಟರ್.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲವಲ್ಲ, ಇದು ಹೇಗೆ ಎನ್ನುತ್ತೀರಾ? ಉರಿಯುವಾಗ ಅದರ ಇಂಗಾಲದ ಜೊತೆ ಗಾಳಿಯ ಆಮ್ಲಜನಕ ಕೂಡಿಕೊಳ್ಳುತ್ತದೆ. ಅದರ ತೂಕವೂ ಸೇರಿತು. ಹಾಗಾದರೆ 6 ಲೀಟರ್ ಉಳಿಸಿದರೆ ಎಷ್ಟು? ನೀವೇ ಗುಣಿಸಿ.

“ಎದುರಂಗಡಿಯವನ ಸರಕಿನ ಜೊತೆ ನನ್ನ ಸರಕೇ?” ಎಂದು ವ್ಯಾಪಾರಿ ಹಿಂಜರಿಯಬಹುದು. ನಾನು ಬ್ಯಾಂಕಿನಲ್ಲಿದ್ದ ಕಾಲದ ಚೆಕ್ಕುಗಳ ಕಥೆ ಕೇಳಿ. ಊರಿನಲ್ಲಿ ಹತ್ತು ಬ್ಯಾಂಕುಗಳಿದ್ದು, ಪ್ರತಿಯೊಂದರ ಗುಮಾಸ್ತ ಉಳಿದ ಒಂಬತ್ತಕ್ಕೂ ಚೆಕ್ಕು ಹೊತ್ತು ಹೋದರೆ 90 ಸಲದ ಓಡಾಟ. ಅದರ ಬದಲು ಎಲ್ಲರೂ ಕ್ಲಿಯರಿಂಗ್ ಹೌಸಿಗೆ ಬಂದು ಕಟ್ಟುಗಳನ್ನು ಅದಲುಬದಲು ಮಾಡಿಕೊಂಡರೆ ಹತ್ತೇ ಸಲ. ಪೈಪೋಟಿ ಪೈಪೋಟಿಯಾಗಿಯೇ ಇತ್ತು, ಲೆಕ್ಕ ಬೇರೆಬೇರೆಯೇ ಇತ್ತು. ದಾರಿ ಮಾತ್ರ ಒಂದಾಯಿತು.

ಮುಂಬೈಯ ಡಬ್ಬಾವಾಲಾಗಳು 1890ರಿಂದ ಮಾಡುತ್ತಿರುವುದೂ ಇದನ್ನೇ. ಮನೆಮನೆಯ ಊಟದ ಡಬ್ಬಿ ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಬರುತ್ತದೆ. ಅಲ್ಲಿ ಹೋಗಬೇಕಾದ ಜಾಗಕ್ಕೆ ತಕ್ಕಂತೆ ವಿಂಗಡಣೆಯಾಗಿ, ಲೋಕಲ್ ರೈಲು ಹತ್ತುತ್ತದೆ. ಮುಚ್ಚಳದ ಮೇಲಿನ ಗುರುತೇ ಅದರ ವಿಳಾಸ. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿಯೂ ಹಾಗೆಯೇ. ಪ್ರತಿ ಮನೆಯವರೂ ಪಟ್ಟಣಕ್ಕೆ ಹಾಲು ಹೊರುವುದಿಲ್ಲ, ಎಲ್ಲರ ಹಾಲಿಗೂ ಒಂದೇ ಗಾಡಿ.

ಆದರೆ ಸಾಮಾನು ಕೂಡಿಸಲು ಸ್ವಲ್ಪ ಸಮಯ ಬೇಕು. “ಈಗಲೇ ಬೇಕು” ಎಂದು ನಾವು ಅವಸರಪಟ್ಟರೆ ವ್ಯಾನು ಅರ್ಧ ಖಾಲಿಯಾಗಿಯೇ ಓಡಬೇಕು. ಅಜ್ಜಿಯ ಔಷಧಿ ಕಾಯಬಾರದು, ನಿಜ. ಬಣ್ಣದ ಪೆನ್ಸಿಲ್ಲು ಎರಡು ದಿನ ಕಾಯಬಹುದು. ತರಿಸುವುದನ್ನೆಲ್ಲ ಪಟ್ಟಿ ಮಾಡಿ ವಾರಕ್ಕೊಮ್ಮೆ ತರಿಸಿದರೆ ಇನ್ನೂ ಒಳ್ಳೆಯದು.

ಈ ವಾರದ ಮನೆಗೆಲಸ: ಸಂಜೆ ಒಂದು ಗಂಟೆ ಅಜ್ಜನ ಜೊತೆ ಜಗಲಿಯಲ್ಲಿ ಕೂತು, ನಿಮ್ಮ ಬೀದಿಗೆ ಸಾಮಾನು ತರುವ ಗಾಡಿಗಳನ್ನು ಎಣಿಸಿ. ಅವುಗಳಲ್ಲಿ ಎಷ್ಟು ಒಂದಾಗಿ ಬರಬಹುದಿತ್ತು? ನೋಟ್‌ಬುಕ್ಕಿನಲ್ಲಿ ಬರೆದಿಡಿ.